ಮತ ಹಾಕಿ ಅನ್ನೋಕೆ ಮುಂಚೆ ಕಾಲೇಜಲ್ಲೊಂದು ಚುನಾವಣೆ ನಡೆಸಿ

ಜನವರಿ 25 ಬಂತೆಂದರೆ ಊರಿನ ಕಾಲೇಜುಗಳ ಫೋಟೋ ನನ್ನ ಫೋನಿಗೆ ಬರತೊಡಗುತ್ತವೆ. ರಾಷ್ಟ್ರೀಯ ಮತದಾರರ ದಿನ ಅಲ್ವಾ, ಜಾಥಾ, ರಂಗೋಲಿ ಸ್ಪರ್ಧೆ, ಕೈ ಚಾಚಿ ಪ್ರತಿಜ್ಞೆ. 2011ರಿಂದ ನಡೆದು ಬಂದಿದೆ, ಬೇಡ ಅನ್ನುತ್ತಿಲ್ಲ. ಆದರೆ ದೆಹಲಿಯಲ್ಲಿದ್ದು ಇಲ್ಲಿನ ಹುಡುಗ ಹುಡುಗಿಯರನ್ನು ನೋಡುತ್ತಿರುವ ನನಗೆ ಅನಿಸುವುದು ಇಷ್ಟೇ: ಹದಿನೆಂಟು ತುಂಬಿದವರಿಗೆ ಮತದ ಬೆಲೆ ಭಾಷಣದಲ್ಲಿ ಹೇಳಿದರೆ ಸಾಲದು, ಅವರ ಕೈಗೇ ಒಂದು ಚುನಾವಣೆ ಕೊಡಬೇಕು.

ಇಲ್ಲಿನ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ (ಜೆಎನ್‌ಯು) ವಿದ್ಯಾರ್ಥಿ ಸಂಘದ ಚುನಾವಣೆ ನಡೆಸುವವರು ವಿದ್ಯಾರ್ಥಿಗಳೇ. ಚುನಾವಣಾ ಸಮಿತಿ ಅವರದೇ, ಮತಪತ್ರ ಎಣಿಸುವವರೂ ಅವರೇ. ಮತದಾನಕ್ಕೆ ಮುಂಚೆ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳೆಲ್ಲ ಒಂದೇ ವೇದಿಕೆ ಹತ್ತಿ, ಹಾಸ್ಟೆಲ್ ಸೀಟಿನಿಂದ ಹಿಡಿದು ಗಾಜಾದವರೆಗೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು. ಡಫಲಿ ಅನ್ನುವ ಕೈವಾದ್ಯದ ಬಡಿತ, ಘೋಷಣೆ, ಮಧ್ಯರಾತ್ರಿ ಕಳೆದರೂ ಏಳದೆ ನೆಲದ ಮೇಲೆ ಕೂತ ಜನ. ಉತ್ತರ ಜಾರಿಸಿದವರಿಗೆ ಅಲ್ಲೇ ಕೂಗು ಬೀಳುತ್ತದೆ. ಇದನ್ನು ನೋಡಿ ಬೆಳೆದ ಹುಡುಗಿ ನಾಳೆ ಮನೆ ಬಾಗಿಲಿಗೆ ಬರುವ ಶಾಸಕರನ್ನು ಸುಮ್ನೆ ಬಿಡುತ್ತಾಳೆಯೇ?

ದೆಹಲಿಯದ್ದೆಲ್ಲ ಚೆನ್ನ ಅಂತಲ್ಲ. ದೆಹಲಿ ವಿಶ್ವವಿದ್ಯಾಲಯದ ಚುನಾವಣೆಯಲ್ಲಿ ರಸ್ತೆ ತುಂಬ ಕರಪತ್ರ, ಗೋಡೆ ತುಂಬ ಹೆಸರು, ದೊಡ್ಡ ಕಾರುಗಳ ಮೆರವಣಿಗೆ. ವಿದ್ಯಾರ್ಥಿ ಸಂಘದ ಚುನಾವಣೆಗೆ ನಿಯಮ ಸೂಚಿಸಿದ ಲಿಂಗ್ಡೋ ಸಮಿತಿಯ ಶಿಫಾರಸಿನ ಪ್ರಕಾರ ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಜಾಸ್ತಿ ಖರ್ಚು ಮಾಡುವಂತಿಲ್ಲ, 2006ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ಜಾರಿ ಮಾಡಿ ಅಂದಿದೆ, ಆದರೂ ಹೀಗೆ. 2024ರಲ್ಲಿ ಗೋಡೆ ಸ್ವಚ್ಛವಾಗುವ ತನಕ ಎಣಿಕೆಯೇ ಬೇಡ ಅಂತ ಹೈಕೋರ್ಟ್ ತಡೆದಿತ್ತು. ಸೆಪ್ಟೆಂಬರ್‌ನಲ್ಲಿ ಹಾಕಿದ ಮತ ಎಣಿಸಿದ್ದು ನವೆಂಬರ್ ಕೊನೆಗೆ. ನನಗೆ ಇದರಲ್ಲೂ ಒಂದು ಪಾಠ ಕಾಣುತ್ತದೆ. ತಪ್ಪು ಮಾಡಿದವರನ್ನು ನಿಲ್ಲಿಸಿ ಸರಿಪಡಿಸಲು ಹೇಳಿದರು, ಚುನಾವಣೆಯನ್ನೇ ಮುಚ್ಚಲಿಲ್ಲ.

ನಮ್ಮಲ್ಲಿ ಮುಚ್ಚಿದೆವು. ದೇಶದಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕರ್ನಾಟಕದ ಕಾಲೇಜುಗಳಲ್ಲಿ ಗಲಾಟೆ, ಹೊಡೆದಾಟದ ಕಾರಣಕ್ಕೆ ವಿದ್ಯಾರ್ಥಿ ಸಂಘದ ಚುನಾವಣೆ ನಿಂತಿತು. ಮತದ ಹಕ್ಕು ಒಂದು ಕೈಯಲ್ಲಿ ಸಿಕ್ಕಿತು, ಅದನ್ನು ಬಳಸಿ ಕಲಿಯುವ ಜಾಗ ಇನ್ನೊಂದು ಕೈಯಿಂದ ಹೋಯಿತು. ಈಗ ಎಷ್ಟೋ ಕಡೆ ಕ್ಲಾಸ್ ಪ್ರತಿನಿಧಿ ಅಂದರೆ ಅಂಕ ಜಾಸ್ತಿ ತೆಗೆದ, ಮೇಷ್ಟ್ರಿಗೆ ಎದುರು ಮಾತಾಡದ ಹುಡುಗ. ಅಂಥ ಕಡೆ ಮೂರು ವರ್ಷ ಕಳೆದವರಿಗೆ ಅಭ್ಯರ್ಥಿಯನ್ನು ಅಳೆಯುವುದು, ಸೋತ ಮೇಲೆ ಗೆದ್ದವನ ಕೈ ಕುಲುಕುವುದು ಎಲ್ಲಿ ಬರಬೇಕು? ಪಕ್ಷದ ಬಾವುಟ, ದುಡ್ಡು ಒಳಗೆ ಬರುತ್ತದೆ ಅನ್ನುವ ಪೋಷಕರ ಭಯ ನನಗೆ ಅರ್ಥವಾಗುತ್ತದೆ. ನಿಯಮ ಬಿಗಿ ಮಾಡೋಣ. ಮೊದಲು ಕೆಲವು ವಿಶ್ವವಿದ್ಯಾಲಯಗಳಲ್ಲಿ ಶುರು ಮಾಡಿದರೂ ಆಯಿತು.

ಅದಾಗುವ ತನಕ ಕಾಯಬೇಕಾಗಿಲ್ಲದ ಕೆಲಸವೊಂದಿದೆ. ರಾಯಚೂರಿಂದಲೋ ಬೀದರಿಂದಲೋ ಬೆಂಗಳೂರಿಗೆ ಬಂದು ಓದುವವರು ಎಷ್ಟೋ ಜನ, ಹೆಸರು ಊರಿನ ಪಟ್ಟಿಯಲ್ಲಿ, ಪರೀಕ್ಷೆ ಬೆಂಗಳೂರಲ್ಲಿ, ಬಸ್ಸಿಗೆ ದುಡ್ಡಿಲ್ಲ, ಮತ ಹಾಗೇ ಹೋಯಿತು. ಹಾಸ್ಟೆಲ್ ವಿಳಾಸದಲ್ಲೇ ಹೆಸರು ಸೇರಿಸಬಹುದು ಅನ್ನುವುದು ಅವರಲ್ಲಿ ಎಷ್ಟೋ ಮಂದಿಗೆ ಗೊತ್ತೇ ಇಲ್ಲ. ಹೊಸದಾಗಿ ಮತದಾರರ ಪಟ್ಟಿ ಸೇರುವವರು ಕಾಲೇಜಿನ ಮುಖ್ಯಸ್ಥರ ದೃಢೀಕರಣದ ಜೊತೆ ಅರ್ಜಿ ನಮೂನೆ ಫಾರಂ 6 ಕೊಟ್ಟರೆ ಆಗುತ್ತದೆ, ಊರಿನ ಪಟ್ಟಿಯಲ್ಲಿ ಆಗಲೇ ಹೆಸರಿದ್ದವರು ವಿಳಾಸ ಬದಲಿಸಲು ಫಾರಂ 8 ಕೊಡಬೇಕು, ಆದರೆ ಎರಡೂ ಕಡೆ ಹೆಸರು ಇರಬಾರದು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ, ಅಂದರೆ ಆ ದಿನಕ್ಕೆ ಹದಿನೆಂಟು ತುಂಬಿರಬೇಕು, ಹದಿನೇಳು ತುಂಬಿದವರು ಮುಂಚೆಯೇ ಅರ್ಜಿ ಹಾಕಬಹುದು. ಪ್ರಿನ್ಸಿಪಾಲರೇ, ಅಡ್ಮಿಷನ್ ಅರ್ಜಿಯ ಜೊತೆ ಇದೊಂದು ಫಾರಂ ಕೊಡಿ, ಅಲ್ಲೇ ಕೂರಿಸಿ ತುಂಬಿಸಿ, ಸಹಿ ಹಾಕಿ ಕಳಿಸಿ.