ಹಿಂಬದಿಯನ್ನು ಕಳಚಿಬಿಡುವ ಶಂಖ

ಬಸವನಹುಳುವಿನ ಚಿಪ್ಪು ಬೆಳೆಯುವುದು ಅದರ ಬಾಯಿಯ ಅಂಚಿನಲ್ಲಿ ಮಾತ್ರ. ಆದ್ದರಿಂದ ಮರಿಯಾಗಿದ್ದಾಗ ಅದು ಕಟ್ಟಿಕೊಂಡ ಮೊದಲ ಸುತ್ತುಗಳು ಸಾಮಾನ್ಯವಾಗಿ ಶಂಖದ ತುತ್ತತುದಿಯಲ್ಲಿ ಕೊನೆಯವರೆಗೂ ಉಳಿದಿರುತ್ತವೆ; ಇಷ್ಟು ನಿಷ್ಠೆಯಿಂದ ತನ್ನ ಬಾಲ್ಯವನ್ನು ಹೊತ್ತು ತಿರುಗುವ ಪ್ರಾಣಿಗಳು ವಿರಳವೆಂದೇ ಹೇಳಬೇಕು. ಬ್ರಿಟನ್ನಿನ ಕರಾವಳಿಯಿಂದ ಮೆಡಿಟರೇನಿಯನ್ ಸಮುದ್ರದವರೆಗೆ, ನೀರಿನಡಿಯ ದಪ್ಪ ಮರಳಿನಲ್ಲಿ ಬದುಕುವ ಸೀಕಮ್ ಗ್ಲಾಬ್ರಮ್ ಎಂಬ ಶಂಖಕ್ಕಾದರೋ ಈ ಹೊರೆ ಬೇಡವಾಗಿದೆ.

ಪೂರ್ತಿ ಬೆಳೆದಾಗಲೂ ಅದರ ಉದ್ದ ಸುಮಾರು 2 ಮಿಲಿಮೀಟರ್. ಭೂತಗನ್ನಡಿಯಡಿ ಇಟ್ಟು ನೋಡಿದರೆ ಸುರುಳಿಯ ಸುಳಿವೇ ಇರುವುದಿಲ್ಲ. ನುಣುಪಾದ, ಹೊಳೆಯುವ, ತುಸುವೇ ಬಾಗಿದ ಒಂದು ಕೊಳವೆ ಕಾಣುತ್ತದೆ, ಅಷ್ಟೆ. ಒಂದು ತುದಿ ದುಂಡಗೆ ತೆರೆದಿರುತ್ತದೆ. ಒಳಗಿನ ಜೀವ ಹಿಂದೆ ಸರಿದುಕೊಂಡಾಗ ಆ ಬಾಯಿಗೆ ಗುಂಡನೆಯ ಮುಚ್ಚಳ ಬೀಳುತ್ತದೆ. ಇನ್ನೊಂದು ತುದಿ ಬಿರಡೆ ಜಡಿದಂತೆ ಮುಚ್ಚಿಹೋಗಿರುತ್ತದೆ. ಆನೆಯ ದಂತದಂತೆ ಬಾಗಿ, ಎರಡೂ ಕಡೆ ತೆರೆದಿರುವ ಡೆಂಟೇಲಿಯಮ್ ಎಂಬ ಬೇರೆಯೇ ಜಾತಿಯ ಚಿಪ್ಪುಗಳಿವೆಯಷ್ಟೆ; 1803ರಲ್ಲಿ ಇದನ್ನು ಮೊದಲು ವರ್ಣಿಸಿದ ಜಾರ್ಜ್ ಮೊಂಟಾಗು ಇದನ್ನೂ ಅವುಗಳ ಸಾಲಿಗೇ ಸೇರಿಸಿದ. ಅವನನ್ನು ದೂರುವಂತಿಲ್ಲ. ಶಂಖವೆಂದು ಗುರುತು ಹಿಡಿಯಲು ಬೇಕಾದ ಸಾಕ್ಷ್ಯವನ್ನು ಪ್ರಾಣಿ ತಾನೇ ಎಸೆದುಬಿಟ್ಟಿದ್ದರೆ ನೋಡುವವನಾದರೂ ಏನು ಮಾಡಿಯಾನು? ಹತ್ತು ವರ್ಷಗಳ ಬಳಿಕ ಜಾನ್ ಫ್ಲೆಮಿಂಗ್ ಸೀಕಮ್ ಎಂಬ ಪ್ರತ್ಯೇಕ ಕುಲವನ್ನೇ ಹುಟ್ಟುಹಾಕಿದ.

ಎಸೆಯುವ ಬಗೆಯಂತೂ ಬಲು ಸೊಗಸಾದದ್ದು. ಮರಿಯ ಚಿಪ್ಪು ಎಲ್ಲ ಶಂಖಗಳಂತೆ ಸುತ್ತಿಕೊಂಡೇ ಇರುತ್ತದೆ, ಆದರೆ ಗೋಪುರದಂತೆ ಮೇಲೇಳದೆ ಒಂದೇ ಸಮತಲದಲ್ಲಿ ಚಪ್ಪಟೆಯಾಗಿರುತ್ತದೆ. ಅಲ್ಲಿಂದ ಮುಂದೆ ಸುರುಳಿ ಬಿಚ್ಚಿಕೊಂಡು ಬೆಳವಣಿಗೆ ಕೊಳವೆಯಾಗಿ ಸಾಗುತ್ತದೆ. ಸ್ವಲ್ಪ ಬೆಳೆದ ಮೇಲೆ ಪ್ರಾಣಿ ಮುಂದಕ್ಕೆ ಸರಿದು, ತನ್ನ ಬೆನ್ನ ಹಿಂದೆ ಸುಣ್ಣದ ಅಡ್ಡಗೋಡೆಯೊಂದನ್ನು ಕಟ್ಟಿಕೊಳ್ಳುತ್ತದೆ. ಆಮೇಲೆ ಆ ಗೋಡೆಯ ಆಚೆಗಿನ ಭಾಗ, ಬಾಲ್ಯದ ಸುರುಳಿಯ ಸಮೇತ, ಮುರಿದು ಬೀಳುತ್ತದೆ. ಮುಂದೆ ಹೊಸ ಕೋಣೆ ಎಬ್ಬಿಸುತ್ತ, ಹಿಂದಿನ ಹಳೆಯ ಕೋಣೆಯ ಬಾಗಿಲಿಗೆ ಇಟ್ಟಿಗೆ ಕಟ್ಟಿ ಅದನ್ನು ಕೆಡವಿಬಿಡುವ ಮನೆ ಯಜಮಾನನ ವ್ಯವಹಾರವಿದು. ಬೆಳೆಯುತ್ತ ಹೋದಂತೆ ಇದೇ ಕೆಲಸ ಮತ್ತೆ ನಡೆಯುತ್ತದೆ. ಮರಳಿನ ಕಣಗಳ ನಡುವಿನ ಇಕ್ಕಟ್ಟಿನಲ್ಲಿ ನುಸುಳಿ ಬಾಳಬೇಕಾದವರಿಗೆ ಅಗಲವಾದ ಸುರುಳಿಗಿಂತ ಗಿಡ್ಡ ಕೊಳವೆಯೇ ಅನುಕೂಲವೆಂದು ತೋರುತ್ತದೆ.

ಇದರ ನೆಂಟ ಸೀಕಮ್ ಟ್ರೇಕಿಯಾಕ್ಕೆ ಮೈತುಂಬ ಉಂಗುರಗಳಿರುವುದರಿಂದ ಅದನ್ನು ಸುಲಭವಾಗಿ ಬೇರೆ ಮಾಡಬಹುದು. ನುಣುಪು ಮೈಯವುಗಳಲ್ಲಿ ಹೀಗೆ ಕಣ್ಣಿಗೆ ಬೀಳುವ ಗುರುತು ಕಡಿಮೆಯಾದ್ದರಿಂದ ತಜ್ಞರು ಹಿಂಬದಿಯ ಬಿರಡೆಯನ್ನೇ ತಿರುಗಿಸಿ ಮುರುಗಿಸಿ ನೋಡುತ್ತಾರೆ: ಅದು ಗುಮ್ಮಟದಂತೆ ಉಬ್ಬಿದೆಯೇ, ಅದಕ್ಕೊಂದು ಮೊನೆಯಿದೆಯೇ ಎಂದು. ಮರಳನ್ನು ಜರಡಿ ಹಿಡಿದು ಚಿಪ್ಪುಗಳನ್ನು ಲೆಕ್ಕಹಾಕುವವರ ಪಾಡು ಇನ್ನೂ ತಮಾಷೆಯದು. ಅಲ್ಲಿ ಸಿಕ್ಕುವ ಚಪ್ಪಟೆ ಸುರುಳಿ, ಎರಡೂ ಕಡೆ ಬಾಯ್ದೆರೆದ ತುಂಡು, ಬಿರಡೆಯಿರುವ ಕೊಳವೆ ಈ ಮೂರೂ ಒಂದೇ ಪ್ರಾಣಿಯ ಆಸ್ತಿಯಾಗಿದ್ದು, ಅದರ ಒಡೆಯ ಪಕ್ಕದ ಹರಳಿನಡಿ ನಾಲ್ಕನೆಯದನ್ನು ಕಟ್ಟುತ್ತಿರಬಹುದು.