ಪಿಕಪ್ಪಿಗೆ ಪೆಟ್ರೋಲ್ ಬಿಡಿಸುವ ಪಾಡು

ಹಳೆಯ ಪೆಟ್ರೋಲ್ ಪಿಕಪ್ಪಿಗೆ ಬೇರೆ ಇಂಧನ ರೂಢಿ ಮಾಡಿಸುವುದೆಂದರೆ ಹಳೇ ಚಟ ಬಿಡಿಸಿದ ಹಾಗೆ. ಮುಖ್ಯ ರೋಗಿ, ಅಂದರೆ ಎಂಜಿನ್, ಪಾಪ, ಹೇಳಿದ ಮಾತು ಕೇಳುತ್ತದೆ. ಉರಿಯುವಂಥದ್ದು ಏನಾದರೊಂದು, ಅದಕ್ಕೆ ತಕ್ಕಷ್ಟು ಗಾಳಿ, ಹೊತ್ತಿಗೆ ಸರಿಯಾಗಿ ಒಂದು ಕಿಡಿ, ಇಷ್ಟು ಸಿಕ್ಕರೆ ಅದು ಇಂಧನದ ಕುಲಗೋತ್ರ ವಿಚಾರಿಸುವುದಿಲ್ಲ. ತಕರಾರೆಲ್ಲ ಬರುವುದು ಸುತ್ತಲಿನ ಬಂಧುಬಳಗದಿಂದ: ರಬ್ಬರ್ ಪೈಪು, ಪಂಪಿನೊಳಗೆ ಬಳುಕುವ ತೆಳು ಪರದೆಯಾದ ಡಯಾಫ್ರಮ್ಮು, ಫಿಲ್ಟರು, ಪ್ಲಗ್ ವೈರು. ಜೊತೆಗೆ ಇನ್ನೊಂದು ವಿಷಯ. ಈ ರೋಗಿ ಬೆಳಗಿನ ಒಂದು ಗುಟುಕನ್ನು ಮಾತ್ರ ಸುಲಭಕ್ಕೆ ಬಿಡುವುದಿಲ್ಲ.

ಎರಡು ಆಸೆಗಳನ್ನು ಇಲ್ಲೇ ಕೈಬಿಡುವುದು ಒಳ್ಳೆಯದು. ಕರಿದುಳಿದ ಎಣ್ಣೆ, ಬಯೋಡೀಸೆಲ್ ಇವೆಲ್ಲ ಡೀಸೆಲ್ ಎಂಜಿನ್ನಿನ ಪಾಲು. ಪೆಟ್ರೋಲ್ ಎಂಜಿನ್ನಿಗೆ ಸುಲಭವಾಗಿ ಆವಿಯಾಗುವ ಇಂಧನವೇ ಬೇಕು. ಬಯೋಡೀಸೆಲ್ 100 ಡಿಗ್ರಿ ಸೆಲ್ಸಿಯಸ್ ಬಿಸಿಗೂ ಕಿಡಿಗೆ ಹೊತ್ತುವಷ್ಟು ಆವಿ ಬಿಡದ ಜಿಪುಣ. ಎರಡನೆಯದು ನೀರನ್ನು ಒಡೆದು ಹೈಡ್ರೋಜನ್ ಕೊಡುತ್ತದೆಂಬ ಡಬ್ಬಿ. ಅದಕ್ಕೆ ಕರೆಂಟು ಕೊಡುವುದು ಆಲ್ಟರ್ನೇಟರ್, ಆಲ್ಟರ್ನೇಟರನ್ನು ತಿರುಗಿಸುವುದು ಅದೇ ಎಂಜಿನ್. ತನ್ನ ಹೆಗಲ ಮೇಲೆ ತಾನೇ ಕೂತು ಊರು ನೋಡುವ ಉಪಾಯ.

ಇನ್ನು ಎಥನಾಲ್. ಚಟ ಬಿಡಿಸಲು ಹೋಗಿ ಮದ್ಯ ಹಿಡಿಸುವ ಏಕೈಕ ಚಿಕಿತ್ಸೆ ಇದು. ಒಂದು ಕಿಲೋ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕು, ಒಂದು ಕಿಲೋ ಎಥನಾಲಿಗೆ 9 ಕಿಲೋ ಸಾಕು. ಅಂದರೆ ಎಂಜಿನ್ ಎಳೆದುಕೊಳ್ಳುವ ಅಷ್ಟೇ ಗಾಳಿಗೆ ಎಥನಾಲನ್ನು ಒಂದೂವರೆ ಪಟ್ಟಿಗಿಂತ ತುಸು ಹೆಚ್ಚೇ ಕುಡಿಸಬೇಕು. ಗಾಳಿಗೆ ಇಂಧನ ಬೆರೆಸುವ ಕಾರ್ಬ್ಯುರೇಟರ್ ಇರುವ ಗಾಡಿಯಲ್ಲಿ ಇದನ್ನು ನಿರ್ಧರಿಸುವುದು ಮೇನ್ ಜೆಟ್ ಎಂಬ ಹಿತ್ತಾಳೆಯ ಪುಟ್ಟ ತಿರುಪು, ಅದರ ನಡುವೆ ಸೂಜಿ ಹೋಗುವಷ್ಟು ತೂತು.

ಗಣಿತದ ಮೇಷ್ಟ್ರು ಸೇಡು ತೀರಿಸಿಕೊಳ್ಳುವುದು ಇಲ್ಲಿಯೇ. ಒಂದೂವರೆ ಪಟ್ಟು ಎಂದ ಕೂಡಲೇ 1.30 ಮಿ.ಮೀ. ಜೆಟ್ಟನ್ನು 1.95ಕ್ಕೆ ಕೊರೆದುಬಿಡುವವರಿದ್ದಾರೆ. ಒಂದೂವರೆ ಪಟ್ಟು ಆಗಬೇಕಾದದ್ದು ತೂತಿನ ವಿಸ್ತೀರ್ಣ, ವ್ಯಾಸವಲ್ಲ. ವ್ಯಾಸ ಒಂದೂವರೆಯಾದರೆ ವಿಸ್ತೀರ್ಣ ಎರಡೂಕಾಲು ಪಟ್ಟಾಗುತ್ತದೆ. ಆಮೇಲೆ ಗಾಡಿ ಹೊಗೆಯನ್ನೂ ಉಗುಳಿಕೊಂಡು ಎಥನಾಲನ್ನೂ ಒಳಗಿಳಿಸಿಕೊಂಡು ಎರಡು ಚಟದವರಂತೆ ತೂರಾಡುತ್ತದೆ. 1.30ರ ಜೆಟ್ಟಿಗೆ 1.60ರ ಆಸುಪಾಸು ಸಾಕು, ಅಂದರೆ ವ್ಯಾಸದಲ್ಲಿ ಶೇಕಡ 22ರಿಂದ 25ರಷ್ಟು ಹೆಚ್ಚಳ. ಅದೂ ಒಂದೇ ಸಲಕ್ಕಲ್ಲ. 0.05 ಮಿ.ಮೀ.ನಂತೆ ಏರಿಸುತ್ತ, ಪ್ರತಿ ಸಲವೂ ಗಾಡಿ ಓಡಿಸಿ ಪ್ಲಗ್ ಬಿಚ್ಚಿ ನೋಡಬೇಕು. ಪ್ಲಗ್ಗಿನ ಪಿಂಗಾಣಿ ಸುಣ್ಣದಂತೆ ಬೆಳ್ಳಗಿದ್ದರೆ ಇಂಧನ ಸಾಲದು. ಹಾಗೇ ಓಡಿಸಿದರೆ ಎಕ್ಸಾಸ್ಟ್ ವಾಲ್ವು ಸುಟ್ಟುಹೋಗುತ್ತದೆ. ಕೊರೆಯುವುದು ಕೈಯಲ್ಲೇ: ಸಣ್ಣ ಪಿನ್ ವೈಸಿಗೆ ಡ್ರಿಲ್ ಬಿಟ್ ಸಿಕ್ಕಿಸಿ, ಜೆಟ್ಟನ್ನು ಬಟ್ಟೆಯಲ್ಲಿ ಹಿಡಿದು, ಎರಡು ಬೆರಳಲ್ಲಿ ನಿಧಾನ ತಿರುಗಿಸಬೇಕು. ಕರೆಂಟಿನ ಡ್ರಿಲ್ ಹಚ್ಚಿದರೆ ಹಿತ್ತಾಳೆ ಬಿಟ್ಟನ್ನು ಗಬಕ್ಕನೆ ಒಳಗೆಳೆದುಕೊಳ್ಳುತ್ತದೆ, ತೂತು ಮೊಟ್ಟೆಯಾಕಾರ, ಜೆಟ್ ಕಸದ ಬುಟ್ಟಿಗೆ. ಗಾಡಿ ನಿಂತಿರುವಾಗ ಎಂಜಿನ್ನಿಗೆ ಉಣಿಸುವ ಐಡಲ್ ಜೆಟ್ಟನ್ನೂ ಇದೇ ಲೆಕ್ಕದಲ್ಲಿ ದೊಡ್ಡದು ಮಾಡದಿದ್ದರೆ ಗಾಡಿ ರಸ್ತೆಯಲ್ಲಿ ಸಿಂಹ, ಸಿಗ್ನಲ್ಲಿನಲ್ಲಿ ಶವ. ಕೊರೆಯಲು ಬೇರೆ ಜೆಟ್ ಕೊಂಡು, ಹಳೆಯದನ್ನು ಎತ್ತಿಡುವುದು ಬುದ್ಧಿವಂತಿಕೆ. ಕೊರೆದ ತೂತು ಮತ್ತೆ ಕಿರಿದಾಗುವುದಿಲ್ಲ.

ಕಾರ್ಬ್ಯುರೇಟರಿನ ಬದಲು ಇಂಧನ ಚಿಮ್ಮಿಸುವ ಇಂಜೆಕ್ಟರ್ ಇರುವ ಗಾಡಿಯವರು ಇದೆಲ್ಲ ನಮಗಿಲ್ಲವೆಂದು ನಗಬೇಕಿಲ್ಲ. ಅಲ್ಲಿನ ಕಂಪ್ಯೂಟರ್ ಎಕ್ಸಾಸ್ಟಿನ ಆಕ್ಸಿಜನ್ ಸೆನ್ಸಾರ್ ಹೇಳಿದಂತೆ ಇಂಧನದ ಅಳತೆ ಸರಿಮಾಡಿಕೊಳ್ಳುತ್ತದೆ ನಿಜ, ಆದರೆ ಸಾಮಾನ್ಯವಾಗಿ ಕಾಲುಭಾಗದವರೆಗೆ ಮಾತ್ರ. ಅದರಾಚೆ ದುಡಿಸಿದರೆ ಎಂಜಿನ್ ದೀಪ ಹಚ್ಚಿ ಮುಷ್ಕರ ಹೂಡುತ್ತದೆ. ದೊಡ್ಡ ಇಂಜೆಕ್ಟರ್, ಹೊಸ ಟ್ಯೂನಿಂಗ್, ಎರಡೂ ಬೇಕು.

ಜೆಟ್ ಸರಿಹೋದ ಖುಷಿಯಲ್ಲಿ ಗಾಡಿ ಹೊರಟಿತೆನ್ನಿ. ನಾಲ್ಕೈದು ದಿನಕ್ಕೆ ನಿಂತೇ ನಿಲ್ಲುತ್ತದೆ. ಎಥನಾಲ್ ಒಳ್ಳೆಯ ದ್ರಾವಕ. ಟ್ಯಾಂಕಿನೊಳಗೆ ಇಪ್ಪತ್ತು ವರ್ಷದಿಂದ ಮೆತ್ತಿಕೊಂಡಿದ್ದ ಅಂಟು, ಜಡ್ಡು, ತುಕ್ಕನ್ನೆಲ್ಲ ಯಾರೂ ಕೇಳದಿದ್ದರೂ ತೊಳೆದು ತಂದು ಫಿಲ್ಟರಿನ ಬಾಯಿಗೆ ಸುರಿಯುತ್ತದೆ. ಹಾಗಾಗಿ ಮೊದಲೆರಡು ಟ್ಯಾಂಕ್ ಮುಗಿಯುವ ತನಕ ಸೀಟಿನ ಕೆಳಗೆ ಎರಡು ಮೂರು ಫಿಲ್ಟರ್, ಒಂದು ಸ್ಕ್ರೂಡ್ರೈವರ್ ಇಟ್ಟುಕೊಳ್ಳುವುದು ಕಡ್ಡಾಯ. ಆಮೇಲಿನ ಸರದಿ ರಬ್ಬರಿನದು. ಮಾಮೂಲಿ ಪೈಪು ಉಬ್ಬಿ, ಮೆತ್ತಗಾಗಿ, ಕ್ಲಿಪ್ಪಿನ ಬುಡದಲ್ಲಿ ಬೆವರಲು ಶುರುಮಾಡುತ್ತದೆ. ಪಂಪಿನ ಡಯಾಫ್ರಮ್, ಓ-ರಿಂಗುಗಳ ಕಥೆಯೂ ಅದೇ. ಎಥನಾಲಿಗೆ ಜಗ್ಗದ ವೈಟಾನ್ ಅಥವಾ ಟೆಫ್ಲಾನ್ ಜಾತಿಯವನ್ನು ಹಾಕಿದರೆ ನೆಮ್ಮದಿ. ಸತು, ಸೀಸದ ಲೇಪವಿರುವ ಹಳೆಯ ಟ್ಯಾಂಕು, ಬರಿಯ ಅಲ್ಯುಮಿನಿಯಂ, ಇವುಗಳಿಗೂ ಎಥನಾಲಿಗೂ ಎಣ್ಣೆ ಸೀಗೆಕಾಯಿ.

ಚಳಿಯ ಬೆಳಗಿನಲ್ಲಿ ಮಾತ್ರ ಎಥನಾಲ್ ಹಾಸಿಗೆ ಬಿಟ್ಟು ಏಳುವುದಿಲ್ಲ. ಸುಮಾರು 15 ಡಿಗ್ರಿಗಿಂತ ಕೆಳಗೆ ಅಚ್ಚ ಎಥನಾಲ್ ಹೊತ್ತಿಕೊಳ್ಳುವಷ್ಟು ಆವಿಯಾಗದು. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಮಲಗುತ್ತದೆ, ಪ್ಲಗ್ ಒದ್ದೆಯಾಗಿ ಕೂರುತ್ತದೆ. ಬ್ರೆಜಿಲ್‌ನಲ್ಲಿ ಎಥನಾಲ್ ಕಾರುಗಳ ಬಾನೆಟ್ಟಿನ ಕೆಳಗೆ ವರ್ಷಾನುಗಟ್ಟಲೆ ಒಂದು ಪುಟ್ಟ ಪೆಟ್ರೋಲ್ ಟ್ಯಾಂಕು ಇರುತ್ತಿತ್ತು, ಬೆಳಿಗ್ಗೆ ಒಂದು ಗುಟುಕು ಕುಡಿಸಿ ಎಬ್ಬಿಸುವುದಕ್ಕೆ.

ಬಾಟಲಿ ಬೇಡ, ಗ್ಯಾಸೇ ಇರಲಿ ಎನ್ನುವವರ ಗೋಳು ಬೇರೆ. ಎಲ್‌ಪಿಜಿ ಟ್ಯಾಂಕಿನಲ್ಲಿ ದ್ರವವಾಗಿದ್ದು, ಒತ್ತಡ ತಗ್ಗಿಸುವ ರೆಡ್ಯೂಸರಿನಲ್ಲಿ ಅನಿಲವಾಗುತ್ತದೆ. ಹಾಗೆ ಆಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಅದಕ್ಕೆಂದೇ ಎಂಜಿನ್ನನ್ನು ತಂಪಾಗಿಸಿ ಬಿಸಿಯಾದ ನೀರನ್ನು, ಅಂದರೆ ಕೂಲೆಂಟನ್ನು, ರೆಡ್ಯೂಸರಿಗೆ ಹರಿಸುವುದು. ಈ ಎರಡು ಪೈಪುಗಳನ್ನು ಹೀಟರ್ ಪೈಪಿನಿಂದ ಕವಲೊಡೆಸಬೇಕು. ಕೈಗೆ ಸಿಕ್ಕಿತೆಂದು, ಎಂಜಿನ್ ಬಿಸಿಯಾದ ಮೇಲಷ್ಟೇ ತೆರೆಯುವ ಥರ್ಮೋಸ್ಟಾಟಿನಾಚೆಯ ರೇಡಿಯೇಟರ್ ಹೋಸಿಗೆ ಸೇರಿಸಿದರೆ, ಅಥವಾ ರೆಡ್ಯೂಸರನ್ನು ರೇಡಿಯೇಟರಿನ ತಲೆಗಿಂತ ಎತ್ತರದಲ್ಲಿ ಬಿಗಿದು ಒಳಗೆ ಗಾಳಿ ಸಿಕ್ಕಿಸಿದರೆ, ನೋಡುವಂಥ ದೃಶ್ಯ ಸಿಗುತ್ತದೆ. ಮಟಮಟ ಮಧ್ಯಾಹ್ನ, ಕುದಿಯುವ ಎಂಜಿನ್ನಿನ ಪಕ್ಕದಲ್ಲೇ ರೆಡ್ಯೂಸರ್ ಮೈತುಂಬ ಬೆಳ್ಳಗೆ ಹಿಮ ಹೊದ್ದು ಧ್ಯಾನಕ್ಕೆ ಕೂತಿರುತ್ತದೆ. ಡಯಾಫ್ರಮ್ ಸೆಟೆದುಕೊಂಡು, ಆವಿಯಾಗದ ಗ್ಯಾಸು ಮುನ್ನುಗ್ಗಿ, ಗಾಡಿ ಕೆಮ್ಮಿ ಕೆಮ್ಮಿ ನಿಲ್ಲುತ್ತದೆ. ಗ್ಯಾಸ್ ವಾಲ್ವ್ ಮುಚ್ಚಿ ಬೆಚ್ಚಗಿನ ನೀರು ಹೊಯ್ದರೆ ಧ್ಯಾನಭಂಗವಾಗುತ್ತದೆ. ಬೆಂಕಿ ತೋರಿಸಿ ಕರಗಿಸಲು ಹೊರಡುವವರಿಗೆ ಹೇಳುವುದೇನೂ ಇಲ್ಲ, ದೂರ ಓಡುವುದಷ್ಟೇ.

ಎರಡನೆಯ ಮನರಂಜನೆ ಬ್ಯಾಕ್‌ಫೈರ್. ಗ್ಯಾಸನ್ನು ಹೊತ್ತಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜಿನ ಕಿಡಿ ಬೇಕು. ಪೆಟ್ರೋಲ್ ಕಾಲದಲ್ಲಿ ಹೇಗೋ ಸಂಸಾರ ತೂಗಿಸುತ್ತಿದ್ದ ಬಿರುಕುಬಿಟ್ಟ ಪ್ಲಗ್ ವೈರಿನ ಬಂಡವಾಳ ಈಗ ಬಯಲಾಗುತ್ತದೆ. ಕಿಡಿ ಒಂದು ಸಲ ತಪ್ಪಿ ಇನ್ನೊಂದು ಸಲ ಅಡ್ಡದಾರಿ ಹಿಡಿದರೆ, ಇನ್‌ಟೇಕ್ (ಎಂಜಿನ್ನಿಗೆ ಗಾಳಿ ಹೋಗುವ ದಾರಿ) ತುಂಬ ಇರುವ ಗ್ಯಾಸು-ಗಾಳಿಯೆಲ್ಲ ಒಮ್ಮೆಗೇ ಢಮಾರ್! ಏರ್ ಫಿಲ್ಟರಿನ ಮುಚ್ಚಳ ಬಾನೆಟ್ಟಿಗೆ ಬಡಿಯುತ್ತದೆ, ಎದುರಿಗಿದ್ದ ನಾಯಿ ಬೀದಿ ಬದಲಿಸುತ್ತದೆ. ಹೊಸ ವೈರು, ಹೊಸ ಪ್ಲಗ್ಗು, ಪ್ಲಗ್ಗಿನ ಸಂದು 0.7 ಮಿ.ಮೀ. ಆಸುಪಾಸು. ಇಷ್ಟನ್ನು ಕಿಟ್ ಕೂಡಿಸುವ ಮೊದಲೇ ಮಾಡಿಸಿದರೆ ಮುಚ್ಚಳ ತನ್ನ ಜಾಗದಲ್ಲೇ ಇರುತ್ತದೆ.

ಕಾರ್ಬ್ಯುರೇಟರ್ ಗಾಡಿಯಲ್ಲಿ ಪೆಟ್ರೋಲಿನಿಂದ ಗ್ಯಾಸಿಗೆ ಬದಲಿಸುವ ಸ್ವಿಚ್ಚಿಗೆ ನಡುವೆ ಒಂದು ಖಾಲಿ ಜಾಗ ಇರುತ್ತದೆ. ಅದು ಅಲಂಕಾರಕ್ಕಲ್ಲ. ಪೆಟ್ರೋಲ್ ನಿಲ್ಲಿಸಿ, ಕಾರ್ಬ್ಯುರೇಟರಿನ ಪೆಟ್ರೋಲ್ ಬಟ್ಟಲಾದ ಫ್ಲೋಟ್ ಬೌಲಿನಲ್ಲಿ ಉಳಿದದ್ದು ತೀರಿ ಎಂಜಿನ್ ತುಸು ತಡವರಿಸಿದಾಗ ಗ್ಯಾಸಿಗೆ ತಿರುಗಿಸಬೇಕು. ಅವಸರ ಮಾಡಿದರೆ ಎರಡೂ ಒಟ್ಟಿಗೆ ನುಗ್ಗಿ ಎಂಜಿನ್ ಮುಳುಗುತ್ತದೆ; ತಡ ಮಾಡಿದರೆ ನಡುರಸ್ತೆಯಲ್ಲಿ ನಿಂತು ಹಿಂದಿನವರ ಹಾರ್ನ್ ಕೇಳುವ ಯೋಗ. ಟ್ಯಾಂಕನ್ನು ಶೇಕಡ 80ಕ್ಕಿಂತ ಹೆಚ್ಚು ತುಂಬಬಾರದು, ಬಿಸಿಲಿಗೆ ದ್ರವ ಹಿಗ್ಗಲು ಜಾಗ ಬೇಕು. ಸೋರಿಕೆ ಹುಡುಕಲು ಸೋಪಿನ ನೊರೆ, ಬೆಂಕಿಕಡ್ಡಿಯಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಹೊಂಚುಹಾಕಿ ಕೂತಿರುತ್ತದೆ.

ಸಿಎನ್‌ಜಿಯದೂ ಹೆಚ್ಚುಕಡಿಮೆ ಇದೇ ಕಥೆ, ಆದರೆ ಅದು ಗಾಳಿಗಿಂತ ಹಗುರ, ಸಿಲಿಂಡರಿನಲ್ಲೂ ಅನಿಲವಾಗಿಯೇ ಇರುತ್ತದೆ, 200 ಬಾರ್ ಒತ್ತಡದಲ್ಲಿ. ಹಾಗಾಗಿ ಸಿಲಿಂಡರ್, ಪೈಪಿನ ಕೆಲಸ ಪರವಾನಗಿ ಇದ್ದವರದೇ, ಮನೆಯಂಗಳದ್ದಲ್ಲ. 60 ಲೀಟರಿನ ಉಕ್ಕಿನ ಸಿಲಿಂಡರಿನ ತೂಕವೇ 60 ಕಿಲೋಗೂ ಮೇಲೆ, ಒಳಗೆ ಹಿಡಿಯುವ ಗ್ಯಾಸು 9–10 ಕಿಲೋ. ತುಂಬುವಾಗ ಗ್ಯಾಸು ಬಿಸಿಯಾಗಿರುತ್ತದೆ, ತಣಿದಂತೆ ಒತ್ತಡ ತೋರಿಸುವ ಮುಳ್ಳು ತಾನೇ ಇಳಿಯುತ್ತದೆ. ರಾತ್ರಿ ಯಾರೋ ಗ್ಯಾಸ್ ಕದ್ದರೆಂದು ಪಕ್ಕದ ಮನೆಯವರನ್ನು ಗುಮಾನಿಯಿಂದ ನೋಡುವ ಮುಂಚೆ ಇದನ್ನು ನೆನೆಯಬೇಕು. ಗಾಳಿಯ ಜಾಗವನ್ನು ಗ್ಯಾಸು ತಿನ್ನುವುದರಿಂದ ಶಕ್ತಿ ಹತ್ತು ಹದಿನೈದು ಶೇಕಡ ಕುಗ್ಗುತ್ತದೆ. ಹೆಸರಿಗೆ ಪಿಕಪ್, ಏರು ಬಂದರೆ ಪಿಕಪ್ಪೇ ಇಲ್ಲ.

ಇಷ್ಟಕ್ಕೂ ಜಗ್ಗದ ಶೂರರಿಗೆ ಕಟ್ಟಿಗೆ ಇದೆ. ತಮಾಷೆಯಲ್ಲ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದಾದಾಗ ಯುರೋಪಿನಲ್ಲಿ ಲಕ್ಷಗಟ್ಟಲೆ ವಾಹನಗಳು ಕಟ್ಟಿಗೆಯ ಅನಿಲದಲ್ಲೇ ಓಡಿದವು. ಕಟ್ಟಿಗೆಯನ್ನು ಅನಿಲವಾಗಿಸುವ ಒಲೆಯ ಹೆಸರಾಂತ ಮಾದರಿ ಜಾರ್ಜ್ ಇಂಬೆರ್ ಎಂಬ ಎಂಜಿನಿಯರನದು. ಪಿಕಪ್ಪಿನ ಹಿಂಭಾಗ ಇದಕ್ಕೆ ಹೇಳಿಮಾಡಿಸಿದ ಜಾಗ. ಒಲೆಯ ಕಿರಿದಾದ ಗಂಟಲಿನ ಸುತ್ತ, ಗಾಳಿಯ ನಳಿಕೆಗಳು ಮುಳುಗುವ ತನಕ ಮೊದಲು ಇದ್ದಿಲು ತುಂಬಬೇಕು, ಅದರ ಮೇಲೆ ಕಟ್ಟಿಗೆ. ಬ್ಲೋವರ್ ಹಾಕಿ, ನಳಿಕೆಯಲ್ಲಿ ಬೆಂಕಿ ಕೊಟ್ಟು, ಐದು ಹತ್ತು ನಿಮಿಷ ಕಾಯಬೇಕು. ಮೊದಲು ಬರುವ ದಟ್ಟ ಬಿಳಿ ಹೊಗೆ ಎಂಜಿನ್ನಿಗಲ್ಲ. ಹೊರಗಿನ ಕೊಳವೆಯ ಬಾಯಿಗೆ ಕಡ್ಡಿ ಗೀರಿದಾಗ ಜ್ವಾಲೆ ಆರದೆ ಸ್ಥಿರವಾಗಿ ನಿಂತರೆ ಗ್ಯಾಸು ಹದಕ್ಕೆ ಬಂದಿದೆಯೆಂದು ಅರ್ಥ. ಅದರಲ್ಲಿ ಸುಮಾರು ಅರ್ಧ ಬರಿಯ ಸಾರಜನಕ. ಉರಿಯುವುದು ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್. ಮೊನಾಕ್ಸೈಡ್ ಬಣ್ಣವೂ ವಾಸನೆಯೂ ಇಲ್ಲದ ವಿಷ, ಮುಚ್ಚಿದ ಶೆಡ್ಡಿನಲ್ಲಿ ಒಲೆ ಹೊತ್ತಿಸಲೇಬಾರದು. ಈ ಒಂದು ಕಡೆ ನಗೆಗೆ ಜಾಗವಿಲ್ಲ.

ಒಂದು ಲೀಟರ್ ಪೆಟ್ರೋಲಿಗೆ ಎರಡೂವರೆಯಿಂದ ಮೂರು ಕಿಲೋ ಒಣ ಕಟ್ಟಿಗೆ ಲೆಕ್ಕ. ಲೀಟರಿಗೆ 10 ಕಿ.ಮೀ. ಓಡುತ್ತಿದ್ದ ಗಾಡಿಗೆ 100 ಕಿ.ಮೀ. ದಾರಿಗೆ 25–30 ಕಿಲೋ. ಸರಕು ಸಾಗಿಸಲು ಕೊಂಡ ಗಾಡಿ ತನ್ನ ಊಟವನ್ನು ತಾನೇ ಹೊತ್ತು ತಿರುಗುತ್ತದೆ. ತುಂಡುಗಳು ಬೆಂಕಿಪೊಟ್ಟಣದಷ್ಟಿರಬೇಕು. ಹೊಟ್ಟು ಹಾಕಿದರೆ ಗಂಟಲು ಕಟ್ಟುತ್ತದೆ. ಉದ್ದ ಸೌದೆ ಹಾಕಿದರೆ ಒಂದಕ್ಕೊಂದು ತಾಗಿ ಮೇಲೇ ಕಮಾನು ಕಟ್ಟಿ ನಿಲ್ಲುತ್ತದೆ, ಕೆಳಗೆ ಒಲೆ ಉಪವಾಸ. ಆಗ ಚಾಲಕರು ಇಳಿದು ಕೋಲಿನಿಂದ ಒಲೆಗೆ ಬಡಿಯುವುದನ್ನು ದಾರಿಹೋಕರು ಗಾಡಿಗೆ ಶಿಕ್ಷೆಯೆಂದು ತಿಳಿಯುತ್ತಾರೆ.

ಕಟ್ಟಿಗೆಯ ತೇವ ಶೇಕಡ 20 ಮೀರಿದರೆ ಒಲೆ ತಣ್ಣಗಾಗಿ ಕಟ್ಟಿಗೆಯ ಹೊಗೆಯಲ್ಲಿರುವ ಅಂಟಾದ ಟಾರು ಸುಡದೆ ಹಾಗೇ ಎಂಜಿನ್ನಿಗೆ ಬರುತ್ತದೆ. ಬಿಸಿಯಿರುವ ತನಕ ಅದು ಸುಳಿವು ಕೊಡುವುದಿಲ್ಲ. ರಾತ್ರಿ ತಣಿದು, ಇನ್‌ಟೇಕ್ ವಾಲ್ವಿನ ಕಾಂಡವನ್ನು ಅದು ಜಾರುವ ಕೊಳವೆಗೆ, ಅಂದರೆ ಗೈಡಿಗೆ, ಅಂಟಿಸಿ ಕೂರುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆದರೆ ವಾಲ್ವು ಅಲುಗದು, ಅದನ್ನು ತಳ್ಳುವ ಪುಶ್‌ರಾಡು ಬಾಗುತ್ತದೆ. ಅದಕ್ಕೇ ಅನುಭವಿಗಳು ಸಂಜೆ ಗಾಡಿ ನಿಲ್ಲಿಸುವ ಮುಂಚೆ ಐದು ನಿಮಿಷ, ಬೆಳಿಗ್ಗೆ ಹೊರಡುವಾಗ ಐದು ನಿಮಿಷ ಪೆಟ್ರೋಲಿನಲ್ಲಿ ಓಡಿಸುತ್ತಾರೆ.

ಹೀಗೆ ಎಥನಾಲಾಗಲಿ, ಗ್ಯಾಸಾಗಲಿ, ಕಟ್ಟಿಗೆಯಾಗಲಿ, ಬಾನೆಟ್ಟಿನ ಕೆಳಗೆ ಆ ಪುಟ್ಟ ಪೆಟ್ರೋಲ್ ಡಬ್ಬಿ ಇದ್ದೇ ಇರುತ್ತದೆ. ಅದರಲ್ಲಿರುವುದನ್ನು ಎರಡು ಮೂರು ತಿಂಗಳಿಗೊಮ್ಮೆ ಖರ್ಚುಮಾಡಿ ಹೊಸದು ಹಾಕಬೇಕು. ಹಳತಾದಂತೆ ಪೆಟ್ರೋಲಿನಲ್ಲಿ ಬೇಗ ಹೊತ್ತುವ ಹಗುರ ಭಾಗ ಮೊದಲು ಹಾರಿಹೋಗುತ್ತದೆ. ಆಮೇಲೆ ಚಳಿಯಲ್ಲಿ ಏಳದ ಎಥನಾಲನ್ನು ಎಬ್ಬಿಸಲು ಹೋದ ಪೆಟ್ರೋಲೂ ಅದರ ಪಕ್ಕದಲ್ಲೇ ಮಲಗಿಬಿಡುತ್ತದೆ.