ಗ್ಲಾಸ್ ತೊಳೆಯದ ಹೀರೋ

ರಾತ್ರಿ ಶಾಲೆಯ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ನಾನು ಡೊಂಬಿವಲಿಯಲ್ಲಿ ಕೂತು ಸನ್ಮಾನ ಪತ್ರ ಬರೆಯುತ್ತೇನೆ. ಮುಂಬಯಿಯಲ್ಲಿ ಕನ್ನಡ ಸಂಘಗಳಿಗೆ ಬರ ಇಲ್ಲ, ಸನ್ಮಾನಕ್ಕೆ ಯೋಗ್ಯರಾದವರಿಗಂತೂ ಇಲ್ಲವೇ ಇಲ್ಲ. ಭಾನುವಾರ ಬಂತೆಂದರೆ ಮಾಟುಂಗಾದಿಂದ ಮೀರಾ ರೋಡ್‌ವರೆಗೆ ಎಲ್ಲಾದರೂ ಒಂದು ತಲೆಗೆ ಮೈಸೂರು ಪೇಟ ಏರುತ್ತಿರುತ್ತದೆ.

ನನ್ನ ಹತ್ತಿರ ಒಂದು ಅಚ್ಚು ಇದೆ. ‘ಬಡ ಕುಟುಂಬದಲ್ಲಿ ಜನಿಸಿ, ಎಳವೆಯಲ್ಲೇ ಮಹಾನಗರಿಗೆ ಬಂದು, ಹಗಲು ಹೋಟೆಲಿನಲ್ಲಿ ಗ್ಲಾಸ್ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು, ಸ್ವಂತ ಉದ್ಯಮ ಸ್ಥಾಪಿಸಿ, ಹುಟ್ಟೂರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೈಜೋಡಿಸಿ...’ ಹೆಸರು, ಊರು ಬದಲಿಸಿದರೆ ಮುಗಿಯಿತು. ಒಮ್ಮೆ ಊರು ಬದಲಿಸಲು ಮರೆತು ಕುಂದಾಪುರದವರೊಬ್ಬರನ್ನು ಕಾರ್ಕಳದಲ್ಲಿ ಹುಟ್ಟಿಸಿಬಿಟ್ಟೆ. ಯಾರೂ ಗಮನಿಸಲಿಲ್ಲ. ಹುಟ್ಟಿದವರೂ ಗಮನಿಸಲಿಲ್ಲ.

ಇಂಥ ಅಚ್ಚು ಇರುವುದು ನನ್ನೊಬ್ಬನ ಬಳಿ ಅಂದುಕೊಂಡಿದ್ದೆ. ಹೋದ ತಿಂಗಳು ಒಬ್ಬ ಯುವ ಉದ್ಯಮಿಯ ಸನ್ಮಾನ ಪತ್ರದ ಕೆಲಸ ಬಂತು. ಜೊತೆಗೆ ಅಂಧೇರಿಯಿಂದ ಒಬ್ಬ ‘ಸ್ಟೋರಿ ಕೋಚ್’ ಕೂಡ ಬಂದ. ಲ್ಯಾಪ್‌ಟಾಪ್ ತೆರೆದು ಒಂದು ಚಕ್ರ ತೋರಿಸಿದ. ಜಗತ್ತಿನ ಎಲ್ಲ ಪುರಾಣಗಳ ಒಳಗೂ ಇರುವುದು ಒಂದೇ ಕಥೆಯಂತೆ. ನಾಯಕ ಮನೆ ಬಿಡುತ್ತಾನೆ, ಕಷ್ಟ ಪಡುತ್ತಾನೆ, ಏನನ್ನೋ ಗೆದ್ದುಕೊಂಡು ವಾಪಸ್ ಬರುತ್ತಾನೆ. 1949ರಲ್ಲಿ ಅಮೆರಿಕದ ಜೋಸೆಫ್ ಕ್ಯಾಂಬೆಲ್ ಇದನ್ನು 17 ಹಂತಗಳಲ್ಲಿ ಹೇಳಿದ. ಅದಕ್ಕೂ ಮೊದಲು, 1928ರಲ್ಲಿ, ರಷ್ಯಾದ ವ್ಲಾದಿಮಿರ್ ಪ್ರಾಪ್ ತನ್ನ ದೇಶದ ನೂರು ಮಾಯಾಕಥೆಗಳನ್ನು ಬಿಡಿಸಿ 31 ಎಂದು ಲೆಕ್ಕ ಹಾಕಿದ್ದ. 1985ರಲ್ಲಿ ಡಿಸ್ನಿಯ ಕ್ರಿಸ್ಟೋಫರ್ ವೋಗ್ಲರ್ ಕ್ಯಾಂಬೆಲ್‌ನ ಹಂತಗಳನ್ನು ಸಿನಿಮಾದವರಿಗೆಂದು 12ಕ್ಕೆ ಇಳಿಸಿ ಏಳು ಪುಟದ ಟಿಪ್ಪಣಿ ಬರೆದ. 31, 17, 12. ಮುಂಬಯಿ ಫ್ಲ್ಯಾಟಿನ ಕಾರ್ಪೆಟ್ ಏರಿಯಾದ ಹಾಗೆ ಇಳಿಯುತ್ತಾ ಬಂದಿದೆ. ನಾನು 6ರಲ್ಲಿ ಮುಗಿಸುತ್ತೇನೆ, ಫ್ರೇಮಿನಲ್ಲಿ ಅಷ್ಟೇ ಜಾಗ.

ಕಥೆ ತನ್ನ ಅಚ್ಚಿಗೆ ಹೊಂದದಿದ್ದರೆ ಕ್ಯಾಂಬೆಲ್ ಹೊಂದುವ ತುಂಡನ್ನಷ್ಟೇ ಎತ್ತಿಕೊಳ್ಳುತ್ತಾನೆ ಎಂದು ಜಾನಪದ ವಿದ್ವಾಂಸರು ದೂರಿದ್ದಾರೆ. ಇದರಲ್ಲಿ ದೂರುವಂಥದ್ದು ಏನಿದೆಯೋ ನನಗಂತೂ ತಿಳಿಯಲಿಲ್ಲ. ನಮ್ಮ ಕಸುಬೇ ಅದು.

ಈಗ ನಮ್ಮ ಹೀರೋ ವಿಷಯಕ್ಕೆ ಬರೋಣ. ಪಾಪ, ಅವರಿಗೆ ಕಷ್ಟವೇ ಇರಲಿಲ್ಲ. ಹುಟ್ಟಿದ್ದು ಬೊರಿವಲಿಯ ನರ್ಸಿಂಗ್ ಹೋಮಿನಲ್ಲಿ, ಓದಿದ್ದು ಎ.ಸಿ. ಕ್ಲಾಸಿನಲ್ಲಿ. ಹೋಟೆಲ್ ಅಪ್ಪನದು. ಅಪ್ಪ ತೀರಿಕೊಂಡು ನಾಲ್ಕು ವರ್ಷ. ಅವರ ಸನ್ಮಾನ ಪತ್ರವನ್ನೂ ನಾನೇ ಬರೆದಿದ್ದೆ, ಈಗಲೂ ಗಲ್ಲಾದ ಹಿಂದೆ ತೂಗುತ್ತಿದೆ.

ಕೋಚ್ ಬಿಡಲಿಲ್ಲ. “ಮೊದಲು ಹೀರೋಗೆ ಕರೆ ಬರುತ್ತೆ, ಅವನು ನಿರಾಕರಿಸ್ತಾನೆ. ನೀವು ಯಾವ ಕರೆ ನಿರಾಕರಿಸಿದ್ರಿ?”

“ಕ್ರೆಡಿಟ್ ಕಾರ್ಡಿನವರ ಕರೆ ದಿನಾ ಕಟ್ ಮಾಡ್ತೇನೆ.”

“ಆಮೇಲೆ ಹೊಸ್ತಿಲು ದಾಟೋದು.” ಇದಕ್ಕೆ ನನ್ನ ಅಚ್ಚಿನಲ್ಲಿ ಘಟ್ಟದ ಬಸ್ಸು ಇದೆ. 1998ರಲ್ಲಿ ಕೊಂಕಣ ರೈಲು ಬಂದು ಅದನ್ನೂ ಕೆಡಿಸಿತು. ಮತ್ಸ್ಯಗಂಧದಲ್ಲಿ ಚಾದರ ಹೊದ್ದು ಮಲಗಿ ಕುರ್ಲಾದಲ್ಲಿ ಎದ್ದು ಇಳಿಯುವುದನ್ನು ಸಾಹಸ ಅಂತ ಬರೆಯುವುದು ಹೇಗೆ? ನಮ್ಮ ಹೀರೋ ಅದನ್ನೂ ಮಾಡಿಲ್ಲ, ಊರಿಗೆ ಹೋಗುವುದು ವಿಮಾನದಲ್ಲಿ.

“ಸರಿ, ತಿಮಿಂಗಿಲದ ಹೊಟ್ಟೆ. ನಿಮ್ಮ ಜೀವನದ ತಿಮಿಂಗಿಲ ಯಾವುದು ಸರ್?”

“ಛೆ, ನಮ್ದು ಪ್ಯೂರ್ ವೆಜ್.”

ಕೊನೆಗೆ ಒಂದು ಉಪಾಯ ಹೊಳೆಯಿತು. ಕಷ್ಟ ಇಲ್ಲದಿದ್ದರೂ ಕಷ್ಟದ ಫೋಟೊ ಇದ್ದರೆ ಸಾಕು, ಅಲ್ವಾ? ಮಧ್ಯಾಹ್ನ ಮೂರಕ್ಕೆ ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವ ಮೋರಿಗೆ ಎಲ್ಲರೂ ಹೋದೆವು. ಅಲ್ಲಿ ಒಡಿಶಾದ ಒಬ್ಬ ಹುಡುಗ ಊಟದ ಹೊತ್ತಿನ ಗ್ಲಾಸುಗಳನ್ನೆಲ್ಲ ತೊಳೆದು ಮಗುಚಿ ಇಟ್ಟಿದ್ದ. ತೊಳೆದ ಗ್ಲಾಸು ಫೋಟೊಗೆ ಆಗುವುದಿಲ್ಲ ಎಂದ ಕೋಚ್. ಹುಡುಗನೇ ಒಂದು ಪಾತ್ರೆ ಚಹಾ ತಂದು ಇಪ್ಪತ್ತು ಗ್ಲಾಸಿಗೆ ತಳ ಮುಳುಗುವಷ್ಟು ಹೊಯ್ದ. ಆಮೇಲೆ “ನೀನು ಸ್ವಲ್ಪ ಆಚೆ ನಿಲ್ಲು, ಫ್ರೇಮಿನಲ್ಲಿ ಬರ್ತಾ ಇದ್ದೀಯ” ಅಂತ ಅವನನ್ನು ಸರಿಸಿದರು. ಹೀರೋ ತೋಳು ಮಡಚಿದರು. ವಾಚ್ ಬಿಚ್ಚಿ ನನ್ನ ಕೈಗೆ ಕೊಟ್ಟರು. ಒಂದು ಗ್ಲಾಸಿನೊಳಗೆ ನಾಲ್ಕು ಬೆರಳು ಹಾಕಿ ತಿರುಗಿಸಿದರು. ಎರಡನೆಯದರಲ್ಲಿ ಕೈ ಸಿಕ್ಕಿಕೊಂಡಿತು. ಫೋಟೊ ಚೆನ್ನಾಗಿ ಬಂತು, ಕಣ್ಣಲ್ಲಿ ನಿಜವಾದ ಯಾತನೆ ಇತ್ತು. ನಾವು ಹೊರಟ ಮೇಲೆ ಹುಡುಗ ಇಪ್ಪತ್ತು ಗ್ಲಾಸುಗಳನ್ನು ಮತ್ತೆ ತೊಳೆಯಲು ಕೂತ.

ಆ ರಾತ್ರಿ ಕ್ಯಾಂಬೆಲ್‌ನ ಪಟ್ಟಿಯನ್ನು ಪೂರ್ತಿ ಓದಿದೆ. ಮೂರನೆಯ ಭಾಗದಲ್ಲಿ ಒಂದು ಹಂತ ಇದೆ: ನಾಯಕನಿಗೆ ವಾಪಸ್ ಬರಲು ಮನಸ್ಸೇ ಇಲ್ಲ. ಅದಕ್ಕೆ ಅವನು ಕೊಡುವ ಉದಾಹರಣೆ ನಮ್ಮ ಮುಚುಕುಂದ. ದೇವತೆಗಳ ಪರವಾಗಿ ಯುದ್ಧ ಮಾಡಿ ದಣಿದ ಮುಚುಕುಂದ ರಾಜ್ಯ, ಐಶ್ವರ್ಯ ಯಾವುದನ್ನೂ ಕೇಳಲಿಲ್ಲ. ನಿದ್ದೆ ಕೇಳಿದ. ಗುಹೆಯಲ್ಲಿ ಮಲಗಿಬಿಟ್ಟ.

ನನಗೆ ನನ್ನ ಕ್ಲಾಸು ನೆನಪಾಯಿತು. ಫೋರ್ಟ್‌ನ ರಾತ್ರಿ ಶಾಲೆ, ಹಿಂದಿನ ಮೂರು ಬೆಂಚು. ಬೆಳಿಗ್ಗೆ ಐದರಿಂದ ಹೋಟೆಲಿನಲ್ಲಿ ನಿಂತು ಬಂದ ಹುಡುಗರು, ಸೋಡಾದಲ್ಲಿ ನೆನೆದು ಬಿಳಿಚಿದ ಬೆರಳು. ಹಾಜರಿ ಕೂಗುವಾಗ ‘ಪ್ರೆಸೆಂಟ್’ ಅಂದವರು ನಾನು ಬೋರ್ಡಿನ ಕಡೆ ತಿರುಗುವಷ್ಟರಲ್ಲಿ ಮುಚುಕುಂದರಾಗಿರುತ್ತಿದ್ದರು. ಎಬ್ಬಿಸಲು ನನಗೂ ಮನಸ್ಸು ಬರುತ್ತಿರಲಿಲ್ಲ. (ಮುಚುಕುಂದನನ್ನು ಎಬ್ಬಿಸಿದ ಕಾಲಯವನ ಸುಟ್ಟು ಬೂದಿಯಾದ, ಗೊತ್ತಲ್ಲ.) ಒಂದು ವರ್ಷದ ಮೂವತ್ತು ಹುಡುಗರಲ್ಲಿ ಹೋಟೆಲ್ ಮಾಲೀಕರಾದವರು ಇಬ್ಬರು. ಇಬ್ಬರಿಗೂ ಸನ್ಮಾನ ಪತ್ರ ಬರೆದಾಯಿತು. ಉಳಿದ ಇಪ್ಪತ್ತೆಂಟು ಜನ ತೊಳೆದ ಗ್ಲಾಸಿಗೆ ನನ್ನ ಅಚ್ಚಿನಲ್ಲಿ ಹಂತ ಇಲ್ಲ.

ಕಾರ್ಯಕ್ರಮ ಜೋರಾಗಿಯೇ ನಡೆಯಿತು. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ಮೇಲೆ ಸೇಬು, ಕೆಳಗೆ ಕಾಗದದ ಚೂರು. ‘ಹೋಟೆಲಿನ ಮೋರಿಯಿಂದಲೇ ಬದುಕು ಆರಂಭಿಸಿದ’ ಎಂದು ನಿರೂಪಕಿ ಓದಿದಾಗ ಪರದೆಯ ಮೇಲೆ ಆ ಫೋಟೊ ಬಂತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಕಣ್ಣಲ್ಲೂ ನೀರು ಬಂತು, ಬರೆದವನು ನಾನೇ ಆದರೂ.

ಊಟದ ಹೊತ್ತಿಗೆ ಹೀರೋನ ಅಮ್ಮ ಮಡಿಲಲ್ಲಿ ಸನ್ಮಾನ ಪತ್ರ ಇಟ್ಟುಕೊಂಡು ಒಬ್ಬರೇ ಕೂತಿದ್ದರು.

“ಮಾಸ್ಟ್ರೇ, ಇವನ ಅಪ್ಪನದ್ದರಲ್ಲೂ ಹೀಗೇ ಬರೆದಿದ್ರಿ ಅಲ್ವಾ? ಅವರು ಗ್ಲಾಸ್ ತೊಳೆದದ್ದು ಎಂಟೇ ದಿನ ಮಾರಾಯ್ರೆ. ಒಂಬತ್ತನೇ ದಿನ ಅವರ ಮಾವ ಕರ್ಕೊಂಡು ಹೋಗಿ ಗಲ್ಲಾದಲ್ಲಿ ಕೂರಿಸಿದ್ರು.”

“ಹೌದಾ?” ಅಂದೆ.

“ನಾನು ಹನ್ನೆರಡು ವರ್ಷ ಬೆಳಿಗ್ಗೆ ಮೂರೂವರೆಗೆ ಎದ್ದು ಇಡ್ಲಿ ಹಿಟ್ಟು ನೋಡ್ಕೊಂಡೆ. ಕೈ ಕಡಿಮೆ ಬಿದ್ದ ದಿನ ಮೋರಿಯಲ್ಲೂ ಕೂತೆ. ಅದು ಎಲ್ಲಿದೆ ಇದರಲ್ಲಿ?”

ತೋರಿಸಿದೆ. ಕೊನೆಯ ಸಾಲಿಗಿಂತ ಮೊದಲು, ‘ಮಾತೃಶ್ರೀಯವರ ಆಶೀರ್ವಾದದೊಂದಿಗೆ’. ಕ್ಯಾಂಬೆಲ್‌ನ ಪಟ್ಟಿಯಲ್ಲೂ ಹೆಂಗಸರಿಗೆ ಇರುವುದು ಎರಡೇ ಜಾಗ, ಒಂದು ದೇವತೆ, ಇನ್ನೊಂದು ಮೋಹಿನಿ, ನಿಮ್ಮನ್ನು ದೇವತೆಯ ಕಡೆ ಹಾಕಿದ್ದೇನೆ ಎಂದು ಸಮಾಧಾನ ಹೇಳಿದೆ.

“ಒಂದು ಸಾಲು ಸೇರಿಸ್ಲಿಕ್ಕೆ ಆಗ್ತದಾ?”

“ಫ್ರೇಮ್ ಆಗಿಬಿಟ್ಟಿದೆಯಲ್ಲ ಅಮ್ಮಾ.”

ಅವರು ಏನೂ ಹೇಳಲಿಲ್ಲ. ವೇದಿಕೆಯಲ್ಲಿ ಕೈಯಿಂದ ಕೈಗೆ ಹೋಗಿ ಫ್ರೇಮಿನ ಗ್ಲಾಸಿನ ತುಂಬ ಅತಿಥಿಗಳ ಬೆರಳಿನ ಗುರುತು ಬಿದ್ದಿತ್ತು. ಸೆರಗಿನ ತುದಿಗೆ ನೀರು ತಾಗಿಸಿಕೊಂಡು ಒರೆಸತೊಡಗಿದರು.